18 ತುಂಬಿದ ಮೇಲೆ ನಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು?

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ತುಮಕೂರಿನ ಎಲ್ಲ ಬಂಧುಗಳಿಗೆ ನಮಸ್ಕಾರ.

ಬರುವ ಜನವರಿಗೆ ನನ್ನ ಮಗನಿಗೆ 18 ತುಂಬುತ್ತದೆ. ಬೇರೆ ಮನೆಗಳಲ್ಲಿ ಮಗನಿಗೆ 18 ಆಯ್ತು ಅಂದರೆ ಸಂಭ್ರಮ. ಓಟರ್ ಐಡಿ ಮಾಡಿಸಬೇಕು, ಗಾಡಿ ಲೈಸೆನ್ಸ್ ತಗೊಳ್ಳಬೇಕು ಅಂತ ಓಡಾಡುತ್ತಾರೆ. ನನಗೆ ಮಾತ್ರ ಕ್ಯಾಲೆಂಡರ್ ಹಾಳೆ ತಿರುಗಿಸೋಕೆ ಭಯ. ಆ ತಿಂಗಳು ಬಂದರೆ ಅವನು 11 ವರ್ಷದಿಂದ ಹೋಗುತ್ತಿರುವ ಶಾಲೆಯನ್ನು ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗಬೇಕು? ಕಂಡಕಂಡವರನ್ನೆಲ್ಲ ಕೇಳಿದೆ. ಉತ್ತರ ಸಿಕ್ಕಲಿಲ್ಲ. ಅದಕ್ಕೇ ಈ ಪತ್ರ.

ಮನೆಯವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗನಿಗೆ ಆಟಿಸಂ ಇದೆ, ಅಂದರೆ ಮಾತಾಡೋದು, ಜನರ ಜೊತೆ ಬೆರೆಯೋದು ಕಷ್ಟ. ಜೊತೆಗೆ ಬುದ್ಧಿಮಾಂದ್ಯತೆ. ಅವನ ಮಾತು ಅಂದರೆ ಹತ್ತಿಪ್ಪತ್ತು ಪದ. ಅಮ್ಮ, ನೀರು, ಬಸ್ಸು, ಸಾಕು, ಇಡ್ಲಿ. ಇಡ್ಲಿ ಅಂದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಮನೆಯಲ್ಲಿ ಮಾಡಿದ್ದಕ್ಕೆ ಅವನು ಆ ಹೆಸರು ಹೇಳುವುದಿಲ್ಲ.

ಅವನ ಶಾಲೆ ಬಿ.ಎಚ್. ರಸ್ತೆಯಿಂದ ಒಳಗೆ, ಒಂದು ಹಳೆಯ ಹೆಂಚಿನ ಮನೆಯಲ್ಲಿದೆ. ಸುಮಾರು 30 ವರ್ಷದಿಂದ ನಡೆಯುತ್ತಿದೆ. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬರು ಟೀಚರ್ ಅದನ್ನು ಶುರು ಮಾಡಿದ್ದು. ನಾವೆಲ್ಲ ಅವರನ್ನು ದೊಡ್ಡ ಟೀಚರ್ ಅಂತ ಕರೆಯುತ್ತೇವೆ. ಅವರ ಅಣ್ಣನ ಮಗಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲವಂತೆ. ಸರಿ, ನಾನೇ ಕಲಿಸುತ್ತೇನೆ ಅಂತ ಮನೆಯ ಪಡಸಾಲೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡರು. ಈಗ 40 ಮಕ್ಕಳಿದ್ದಾರೆ. ಶಾಲೆಯ ಹೆಸರು ಬರೆಯಬೇಡ, ಇದು ನಮ್ಮೊಬ್ಬರ ಕಥೆ ಅಲ್ಲ ಅಂತ ಅವರೇ ಹೇಳಿದರು. ಹಾಗಾಗಿ ಬರೆದಿಲ್ಲ.

ಇಂಥ ಸಂಸ್ಥೆಗಳು ಹುಟ್ಟುವುದೇ ಹೀಗೆ ಅಂತ ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರಿಗಾಗಿ ಸಂಸ್ಥೆ ಕಟ್ಟಿದ ಎನ್.ಎಸ್. ಹೇಮಾ ಅವರಿಗೆ ಸ್ವತಃ ಪೋಲಿಯೊ ಆಗಿತ್ತು. ಮುಂಬೈಯಲ್ಲಿ 1972ರಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಕ್ಕಳಿಗಾಗಿ ಸಂಸ್ಥೆ ಶುರು ಮಾಡಿದ ಮಿತು ಆಲೂರ್ ಅವರ ಮಗಳಿಗೂ ಅದೇ ತೊಂದರೆ ಇತ್ತು. ಯಾರದೋ ಮನೆಯಲ್ಲಿ ಒಂದು ಮಗು, ಆ ಮಗುವಿಗೆ ಎಲ್ಲೂ ಜಾಗವಿಲ್ಲ. ಅಲ್ಲಿಂದ ಒಂದು ಶಾಲೆ. ನಮ್ಮೂರಿನ ಶಾಲೆ ಅಷ್ಟು ದೊಡ್ಡದಲ್ಲ. ಆದರೆ ಹುಟ್ಟಿದ್ದು ಅದೇ ನೋವಿನಿಂದ.

ಆಗಿನ ಕಾಲ ಹೇಗಿತ್ತು ನೋಡಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ವೈಕಲ್ಯ ಮಾತ್ರ. ಆಟಿಸಂ ಆ ಪಟ್ಟಿಯಲ್ಲೇ ಇರಲಿಲ್ಲ. 2016ರ ಹೊಸ ಕಾಯ್ದೆಯಲ್ಲಿ 21 ಬಗೆ ಸೇರಿದವು. ಕಾಯ್ದೆ ಗುರುತಿಸುವ ಮೊದಲೇ ದೊಡ್ಡ ಟೀಚರ್ ಆ ಮಕ್ಕಳನ್ನು ಗುರುತಿಸಿ ಒಳಗೆ ಕರೆದುಕೊಂಡಿದ್ದರು.

ಅಲ್ಲಿ ಏನು ಕಲಿಸುತ್ತಾರೆ ಅಂತ ಸಂಬಂಧಿಕರು ಈಗಲೂ ಕೇಳುತ್ತಾರೆ. ಅ ಆ ಇ ಈ ಬರುತ್ತಾ, ಮಗ್ಗಿ ಬರುತ್ತಾ ಅಂತ. ನಾನು ಅಂಗಿ ಗುಂಡಿಯ ವಿಷಯ ಹೇಳುತ್ತೇನೆ. ಅಂಗಿಯ ಗುಂಡಿ ಹಾಕಿಕೊಳ್ಳೋಕೆ ನನ್ನ ಮಗನಿಗೆ 14 ತಿಂಗಳು ಬೇಕಾಯಿತು. ಮೊದಲು ಟೀಚರ್ ಒಂದು ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ದೊಡ್ಡ ಕೋಟಿನ ಗುಂಡಿ ಹೊಲಿದುಕೊಟ್ಟರು. ಗುಂಡಿಯ ಅರ್ಧ ಭಾಗ ಅವರೇ ತೂರಿಸಿ, ಉಳಿದರ್ಧ ಅವನಿಂದ ಎಳೆಸುತ್ತಿದ್ದರು. ಎಳೆದು ಮುಗಿಸಿದ ಖುಷಿ ಅವನಿಗೇ ಸಿಗಬೇಕಲ್ಲ, ಅದಕ್ಕೆ ಕೊನೆಯ ಹೆಜ್ಜೆಯಿಂದ ಶುರು ಮಾಡೋದು ಅಂದರು. ಅದು ಬಂದಮೇಲೆ ಅದರ ಹಿಂದಿನ ಹೆಜ್ಜೆ. ಆಮೇಲೆ ಸಣ್ಣ ಗುಂಡಿ. ಆಮೇಲೆ ಮೈಮೇಲಿನ ಅಂಗಿ. ಒಂದು ಸೋಮವಾರ ಬೆಳಿಗ್ಗೆ ನಾನು ಒಲೆ ಮುಂದೆ ಇದ್ದೆ. ಅವನು ಅಂಗಿ ಹಾಕಿಕೊಂಡು, ಐದೂ ಗುಂಡಿ ಹಾಕಿಕೊಂಡು ಬಂದು ನಿಂತ. ಒಂದು ಗುಂಡಿ ಮೇಲೆ ಕೆಳಗಾಗಿತ್ತು. ನಾನು ಸರಿ ಮಾಡಲಿಲ್ಲ. ಹಾಗೇ ಶಾಲೆಗೆ ಕಳಿಸಿದೆ. ಅಲ್ಲಿ ಅಷ್ಟೂ ಟೀಚರುಗಳು ಚಪ್ಪಾಳೆ ಹೊಡೆದರಂತೆ.

ಇದೇ ರೀತಿ ಹಲ್ಲುಜ್ಜೋದು, ಚೊಂಬಿನಲ್ಲಿ ನೀರು ಹಿಡಿಯೋದು, ಬಚ್ಚಲಿಗೆ ಹೋಗಿ ಬರೋದು, ಬಸ್ಸಿನಲ್ಲಿ ಕಿರುಚದೆ ಕೂರೋದು. 40 ಮಕ್ಕಳಿಗೆ 40 ಬೇರೆ ಬೇರೆ ಪಾಠ. ಪ್ರತಿ ಮಗುವಿಗೂ ಒಂದೊಂದು ಫೈಲ್. ಮೂರು ತಿಂಗಳಿಗೊಮ್ಮೆ ನಮ್ಮನ್ನು ಕರೆಸಿ, ಮುಂದೆ ಏನು ಕಲಿಸೋಣ ಅಂತ ಕೇಳುತ್ತಾರೆ. ನನ್ನ ಮಗ ಶಾಲೆಗೆ ಹೋದ ಕೂಡಲೇ ಮೊದಲು ಮಾಡುವ ಕೆಲಸ ಒಂದಿದೆ. ಹೊರಗೆ ಬಿದ್ದಿರುವ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿ ಮಾಡಿ ಗೋಡೆಗೆ ಸಾಲಾಗಿ ಇಡುತ್ತಾನೆ. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ. ಯಾರೂ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ಹಾಗೆ ಮಾಡಿದರೆ ನಾವು ಬೈಯುತ್ತಿದ್ದೆವು. ಶಾಲೆಯಲ್ಲಿ ಅದನ್ನು ಅವನ ಡ್ಯೂಟಿ ಅಂತ ಬೋರ್ಡ್ ಮೇಲೆ ಬರೆದರು.

ಆ ಸಾಲು ನೋಡಿಯೇ ದೊಡ್ಡ ಟೀಚರ್, ಇವನಿಗೆ ಹೂಬತ್ತಿ ಕಲಿಸೋಣ ಅಂದದ್ದು. ಅರಳೆಯಲ್ಲಿ ಒಂದು ಚಿಟಿಕೆ ತೆಗೆದು, ಬೆರಳಿನಿಂದ ಅಗಲ ಮಾಡಿ, ಅಂಚುಗಳನ್ನು ಮೇಲಕ್ಕೆ ಸೇರಿಸಿ, ಬೆರಳ ತುದಿಗೆ ಸ್ವಲ್ಪ ಹಾಲು ಮುಟ್ಟಿಸಿಕೊಂಡು ತುದಿಯನ್ನು ಹೊಸೆಯಬೇಕು. ಕೆಳಗೆ ಹೂವಿನ ಹಾಗೆ ಗುಂಡಗೆ ಕೂರಬೇಕು. ಇಲ್ಲದಿದ್ದರೆ ದೀಪದಲ್ಲಿ ವಾಲುತ್ತದೆ. ನಾನು ಹೊಸೆದದ್ದು ಈಗಲೂ ಹತ್ತರಲ್ಲಿ ಎರಡು ವಾಲುತ್ತವೆ. ಅವನದು ವಾಲುವುದಿಲ್ಲ. ಒಂದೇ ಅಳತೆ, ಅಚ್ಚು ಹಾಕಿದ ಹಾಗೆ. ಅವನಿಗೆ ನೂರರವರೆಗೆ ಎಣಿಸೋಕೆ ಬರುವುದಿಲ್ಲ. ಅದಕ್ಕೆ ಟೀಚರ್ ಬಡಗಿಯ ಹತ್ತಿರ ಅಳಗುಳಿ ಮಣೆಯ ಥರ 50 ಗುಳಿಯ ಹಲಗೆ ಮಾಡಿಸಿದರು. ಎಲ್ಲ ಗುಳಿ ತುಂಬಿದರೆ ಒಂದು ಸುತ್ತು. ಎರಡು ಸುತ್ತು ಆದರೆ ಒಂದು ಪ್ಯಾಕೆಟ್. ಕಾರ್ತಿಕ ಮಾಸದಲ್ಲಿ ಒಂದು ದಿನಕ್ಕೆ 5 ಪ್ಯಾಕೆಟ್ ಮಾಡಿದ್ದಾನೆ.

ಅವನ ಅಂಗವೈಕಲ್ಯದ ಸರ್ಟಿಫಿಕೇಟಿನ ಜೊತೆ ಕೊಟ್ಟ ಕಾಗದದಲ್ಲಿ ಐದು ವರ್ಷದ ಮಗುವಿನ ಬುದ್ಧಿ ಅಂತ ಬರೆದಿದೆ. ಪರೀಕ್ಷೆ ಮಾಡಿದವರ ಲೆಕ್ಕ ಅದು, ನಾನು ಜಗಳ ಆಡುವುದಿಲ್ಲ. ಆದರೆ ಐದು ವರ್ಷದ ಯಾವ ಮಗು ಕೂತಲ್ಲಿ ಕೂತು 500 ಹೂಬತ್ತಿ ಹೊಸೆಯುತ್ತದೆ ಹೇಳಿ? ಅವನು ದುಡಿಯಬಲ್ಲ ಗಂಡು ಹುಡುಗ. ಮೀಸೆ ಬಂದಿದೆ. ಅವನನ್ನು ಮಗು ಮಗು ಅಂತಲೇ ಕರೆದು ಕರೆದು, ದೊಡ್ಡವನಾದಾಗ ಅವನಿಗೆ ಏನು ಬೇಕು ಅನ್ನೋದನ್ನು ನಾವೆಲ್ಲ ಮರೆತಿದ್ದೇವೆ.

ಇನ್ನು ಶಾಲೆ ಬಿಡುವ ವಿಷಯ. 2016ರ ಕಾಯ್ದೆಯ 31ನೇ ಕಲಂ ಪ್ರಕಾರ ಶೇಕಡ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಿಗಬೇಕು. ಪಕ್ಕದ ಶಾಲೆಯಾದರೂ ಸರಿ, ವಿಶೇಷ ಶಾಲೆಯಾದರೂ ಸರಿ, ಆಯ್ಕೆ ನಮ್ಮದು. ಒಳ್ಳೆಯ ಕಾನೂನು. ನಮ್ಮ ಶಾಲೆಯೂ 18ಕ್ಕೇ ಗೆರೆ ಎಳೆದಿದೆ. ಬೇಡ ಅಂತ ಕಳಿಸುವುದಲ್ಲ. ಇರುವುದೇ ಮೂರು ಕೋಣೆ. ದೊಡ್ಡ ಹುಡುಗ ಒಬ್ಬ ಹೋದರೆ ಮಾತ್ರ ಆರು ವರ್ಷದ ಒಂದು ಮಗು ಒಳಗೆ ಬರಲು ಸಾಧ್ಯ. ಆ ಮಗುವಿನ ತಾಯಿಯೂ ನನ್ನ ಹಾಗೇ ಗೇಟಿನ ಹತ್ತಿರ ನಿಂತು ಕಾದಿರುತ್ತಾಳೆ. 11 ವರ್ಷದ ಹಿಂದೆ ನನ್ನ ಮಗನಿಗೆ ಜಾಗ ಸಿಕ್ಕಿದ್ದೂ ಹಾಗೇ ಅಲ್ವಾ? ಯಾರೋ ಒಬ್ಬರು ಮನೆಗೆ ಹೋಗಿದ್ದರು. ಆಗ ನಾನು ಆ ಬಗ್ಗೆ ಯೋಚನೆ ಮಾಡಲಿಲ್ಲ.

ಮನೆಗೆ ಹೋದವರು ಏನಾದರು? ಒಂದು ಸಂಗತಿ ಹೇಳುತ್ತೇನೆ. ಕೊರಟಗೆರೆ ಕಡೆಯ ಒಂದು ಹಳ್ಳಿಯ ಹುಡುಗಿ ಶಾಲೆಯಲ್ಲಿ ಹತ್ತು ವರ್ಷ ಇದ್ದಳು. ತಲೆ ಬಾಚಿಕೊಳ್ಳುತ್ತಿದ್ದಳು, ಎರಡು ಜಡೆ ಹಾಕಿಕೊಳ್ಳುತ್ತಿದ್ದಳು. ಮುಟ್ಟಾದಾಗ ಪ್ಯಾಡ್ ತಾನೇ ಬದಲಿಸಿ, ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಅದನ್ನು ಕಲಿಸೋಕೆ ಟೀಚರುಗಳು ಎರಡು ವರ್ಷ ಪಟ್ಟ ಪಾಡು ಅವರಿಗೇ ಗೊತ್ತು. 18 ಆಯಿತು, ಊರಿಗೆ ಹೋದಳು. ಒಂದು ವರ್ಷ ಬಿಟ್ಟು ಟೀಚರ್ ನೋಡಲು ಹೋದರು. ನಾನೂ ಜೊತೆಗೆ ಹೋಗಿದ್ದೆ. ತಂದೆ ತಾಯಿ ಬೆಳಿಗ್ಗೆಯೇ ಕೂಲಿಗೆ ಹೋಗುತ್ತಾರೆ. ಅಜ್ಜಿ ಕಾವಲು. ಅವಳು ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಹೇನಾಗುತ್ತೆ ಅಂತ ತಲೆ ಬೋಳಿಸಿದ್ದರು. ಬಟ್ಟೆಯಲ್ಲೇ ಎಲ್ಲ. ಟೀಚರ್ ತಮ್ಮ ಬ್ಯಾಗಿನಿಂದ ಬಾಚಣಿಗೆ ತೆಗೆದು ಅವಳ ಕೈಗೆ ಕೊಟ್ಟರು. ಅವಳು ಬೋಳು ತಲೆಯ ಮೇಲೆ ಬೈತಲೆ ತೆಗೆಯುವ ಹಾಗೆ ಒಂದು ಸಲ ಎಳೆದಳು. ಕೈ ಮರೆತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಟೀಚರ್ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೂತಿದ್ದರು.

ಆ ಮನೆಯವರನ್ನು ದೂರಲು ನನಗೆ ಮನಸ್ಸಿಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಈ ಮಕ್ಕಳು ಕಲಿತದ್ದು ದಿನಾ ಮಾಡಿದರೆ ಮಾತ್ರ ಉಳಿಯುತ್ತದೆ. ಮಾಡೋಕೆ ಒಂದು ಜಾಗ ಬೇಕು, ಹೊತ್ತು ಹೊತ್ತಿಗೆ ಹೇಳುವವರು ಒಬ್ಬರು ಬೇಕು. ಅದಿಲ್ಲದೆ ಹತ್ತು ವರ್ಷದ ಶ್ರಮ ಒಂದೇ ವರ್ಷದಲ್ಲಿ ಮಣ್ಣುಪಾಲು.

ಇದರ ಜೊತೆಗೆ ಕಾಗದಪತ್ರದ ಕಷ್ಟ. ಮಗನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆ, ಮಾಸಾಶನ ಅದಕ್ಕೆ ಬರುತ್ತದೆ. 18 ಆದ ಮೇಲೆ ನೀವು ಸಹಿ ಹಾಕೋ ಹಾಗಿಲ್ಲ, ಗಾರ್ಡಿಯನ್ ಪತ್ರ ತನ್ನಿ ಅಂತ ಬ್ಯಾಂಕಿನವರು ಅಂದರು. ಹೆತ್ತ ತಾಯಿಗಿಂತ ಬೇರೆ ಗಾರ್ಡಿಯನ್ ಯಾರು ಅಂತ ಕೌಂಟರಿನ ಮುಂದೆಯೇ ಅತ್ತುಬಿಟ್ಟೆ. ಮನೆಗೆ ಬಂದು ವಿಚಾರಿಸಿದಾಗ ಗೊತ್ತಾಯಿತು. 18 ಆದವರಿಗೆ ತಂದೆ ತಾಯಿ ಕಾನೂನಿನ ಕಣ್ಣಲ್ಲಿ ತಾನೇ ತಾನಾಗಿ ಪೋಷಕರಾಗಿ ಉಳಿಯುವುದಿಲ್ಲ. ಇದಕ್ಕಾಗಿಯೇ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ಪೋಷಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ಆ ಸಮಿತಿ ಕೊಟ್ಟ ಪತ್ರವನ್ನು ಬ್ಯಾಂಕುಗಳು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ. ಆ ಕಾಯ್ದೆಯಡಿ ಕೇಂದ್ರ ಸರ್ಕಾರ ಕಟ್ಟಿದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ, ಥೆರಪಿಗೂ ಸೇರಿ. ಇದೆಲ್ಲ ನನಗೆ ಗೊತ್ತಾಗಿದ್ದು ಮಗನಿಗೆ 17 ನಡೆಯುವಾಗ. ತುಮಕೂರು ಟೌನಿನಲ್ಲಿರುವ ನನಗೇ ಹೀಗಾದರೆ, ಆಂಧ್ರದ ಮಗ್ಗುಲಲ್ಲಿರುವ ಪಾವಗಡದ ತಾಯಿಯ ಗತಿ ಏನು? ಅವರು ಮಗನನ್ನು ಕರೆದುಕೊಂಡು ಒಂದು ಸಹಿಗಾಗಿ ಇಲ್ಲಿಗೆ ಬಂದು ಹೋಗೋದು ಅಂದರೆ ಇಡೀ ಒಂದು ದಿನದ ಕೂಲಿ ಹೋಯಿತು ಅಂತಲೇ ಅರ್ಥ. ಬಸ್ಸಿನಲ್ಲಿ ಕೂರದ ಮಗನಾದರೆ ಬಾಡಿಗೆ ಕಾರು ಬೇರೆ.

ಸ್ವಾಮಿ, ನೀವೇ ಆ ಸಮಿತಿಯ ಮುಖ್ಯಸ್ಥರು. ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ. ಪೋಷಕತ್ವದ ಅರ್ಜಿ, ನಿರಾಮಯ ಅರ್ಜಿ, ಎರಡನ್ನೂ ತಾಲ್ಲೂಕಿನಲ್ಲೇ ತೆಗೆದುಕೊಳ್ಳುವ ಹಾಗೆ ಹತ್ತೂ ತಾಲ್ಲೂಕಿನಲ್ಲಿ ವರ್ಷಕ್ಕೊಂದು ದಿನ ಇಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯಾವ ಮನೆಯಲ್ಲಿ 17 ವರ್ಷದ ಇಂಥ ಮಗ, ಮಗಳು ಇದ್ದಾರೆ ಅನ್ನೋದು ಅವರಿಗೆ ಗೊತ್ತು. ಅವರು ಒಂದು ಮಾತು ಮೊದಲೇ ತಿಳಿಸಿದರೆ ಯಾವ ತಾಯಿಯೂ ಕೌಂಟರ್ ಮುಂದೆ ನಿಂತು ಅಳಬೇಕಾಗಿಲ್ಲ.

ಆದರೆ ನನ್ನ ಮುಖ್ಯ ಬೇಡಿಕೆ ಜಾಗದ್ದು. 18 ದಾಟಿದವರಿಗೆ ಹಗಲು ಹೊತ್ತು ಬಂದು ಕೆಲಸ ಮಾಡುವ ಒಂದು ಜಾಗ. ಮಕ್ಕಳು ಕಡಿಮೆಯಾಗಿ ಬಾಗಿಲು ಹಾಕಿರುವ ಸರ್ಕಾರಿ ಶಾಲೆಯ ಕಟ್ಟಡ ಒಂದಾದರೂ ಸಾಕು. ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ಮೆಟ್ಟಿಲ ಬದಲು ಇಳಿಜಾರು, ಕೂರುವ ಕಮೋಡ್ ಇರುವ ಬಚ್ಚಲು. ತರಬೇತಿ ಪಡೆದ ಒಬ್ಬರು ವಿಶೇಷ ಶಿಕ್ಷಕಿ, ಒಬ್ಬರು ಆಯಾ. ನಡೆಸುವ ಜವಾಬ್ದಾರಿ ನಾವು ಹೊರುತ್ತೇವೆ ಅಂತ ನಮ್ಮ ಶಾಲೆಯವರು, ನಾವು ತಂದೆ ತಾಯಂದಿರು ಒಪ್ಪಿದ್ದೇವೆ. ನಾನು ಸುಮ್ನೆ ದಯೆ ಕೇಳುತ್ತಿಲ್ಲ. ಅದೇ 2016ರ ಕಾಯ್ದೆಯ 19ನೇ ಕಲಂ ಓದಿಸಿ ನೋಡಿ. ಬೌದ್ಧಿಕ ತೊಂದರೆ, ಆಟಿಸಂ, ಬಹುವೈಕಲ್ಯ ಇರುವವರಿಗೆ ಪ್ರತ್ಯೇಕವಾದ ಕೌಶಲ ತರಬೇತಿ ಇರಬೇಕು, ಅದಕ್ಕೆ ಮಾರುಕಟ್ಟೆಯ ನಂಟೂ ಇರಬೇಕು ಅಂತ ಅದರಲ್ಲೇ ಇದೆ. ನ್ಯಾಷನಲ್ ಟ್ರಸ್ಟ್ ಕೂಡ ಹತ್ತು ವರ್ಷ ದಾಟಿದವರ ಹಗಲು ಕೇಂದ್ರಕ್ಕೆ ವಿಕಾಸ್ ಅಂತ ಯೋಜನೆ ರೂಪಿಸಿತ್ತು.

ಏನು ಕೆಲಸ ಮಾಡಿಸುತ್ತೀರಿ ಅಂತ ಕೇಳಬಹುದು. ನಮ್ಮದು ಅಡಿಕೆ ಸೀಮೆ. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದೇ ಇರುತ್ತದೆ. ಹಾಳೆ ತಟ್ಟೆಯ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ನೋಡಿ. ಹಾಳೆ ನೆನೆಹಾಕೋದು, ಉಜ್ಜಿ ತೊಳೆಯೋದು, ನೀರು ಸೋರಲು ನಿಲ್ಲಿಸೋದು, ಬಿಸಿ ಅಚ್ಚಿನಲ್ಲಿ ಒತ್ತೋದು, ಅಂಚು ಒರೆಸೋದು, ಇಪ್ಪತ್ತೈದು ಇಪ್ಪತ್ತೈದು ಜೋಡಿಸೋದು, ಕಟ್ಟೋದು. ಬಿಸಿ ಅಚ್ಚಿನ ಹತ್ತಿರ ಸಿಬ್ಬಂದಿಯೇ ನಿಲ್ಲಬೇಕು. ಉಳಿದದ್ದೆಲ್ಲ ನಮ್ಮ ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು. ಒಬ್ಬನಿಗೆ ನೀರಾಟ ಅಂದರೆ ಪ್ರಾಣ, ಅವನು ತೊಳೆಯಲಿ. ಗಾಲಿಕುರ್ಚಿಯಲ್ಲಿ ಕೂರುವ ಹುಡುಗಿಯ ಬಲಗೈ ಚೆನ್ನಾಗಿದೆ, ಅವಳು ಅಂಚು ಒರೆಸಲಿ. ಜೋಡಿಸುವ ಕೆಲಸಕ್ಕೆ ನನ್ನ ಮಗನಿಗಿಂತ ಬೇರೆ ಯಾರು ಬೇಕು?

ಈಗ ಊರಿನವರಿಗೆ ಒಂದು ಮಾತು. ನಮ್ಮದು ಸಿದ್ಧಗಂಗೆಯ ನೆಲ. ಶಿವಕುಮಾರ ಸ್ವಾಮೀಜಿಯವರು ಅನ್ನ, ಅಕ್ಷರ, ಆಶ್ರಯ ಅಂತ ಸಾವಿರಾರು ಮಕ್ಕಳನ್ನು ಸಾಕಿದ್ದನ್ನು ಕಣ್ಣಾರೆ ಕಂಡ ಊರು. ಇಲ್ಲಿ ಕೊಡುವ ಕೈಗೆ ಬರವಿಲ್ಲ. ಹುಟ್ಟುಹಬ್ಬ ಬಂದರೆ, ಹಿರಿಯರ ತಿಥಿ ಬಂದರೆ ನಮ್ಮ ಶಾಲೆಗೆ ಊಟ ಕಳಿಸುತ್ತೀರಿ. ಹೋಳಿಗೆ, ಚಿತ್ರಾನ್ನ, ಕೇಸರಿಬಾತು. ಒಂದೊಂದು ದಿನ ಎರಡೆರಡು ಮನೆಯಿಂದ ಬರುತ್ತದೆ. ಮಕ್ಕಳು ಸಂತೋಷವಾಗಿ ತಿನ್ನುತ್ತಾರೆ, ನಿಮಗೆ ಒಳ್ಳೆಯದಾಗಲಿ. ಆದರೆ ಕಾಯಕ ಅನ್ನೋ ಮಾತೂ ಇದೇ ನೆಲದಲ್ಲಿ ಇದೆಯಲ್ಲ. ನಮ್ಮ ದೊಡ್ಡ ಮಕ್ಕಳಿಗೆ ಊಟಕ್ಕಿಂತ ಜಾಸ್ತಿ ಬೇಕಾಗಿರೋದು ಅದು. ಮದುವೆ ಮನೆಯವರೇ, ಕಲ್ಯಾಣ ಮಂಟಪದವರೇ, ದೇವಸ್ಥಾನದ ಸಮಿತಿಯವರೇ, ತಟ್ಟೆ, ಹೂಬತ್ತಿ ಹೇಗೂ ಎಲ್ಲಿಂದಲೋ ತರಿಸುತ್ತೀರಿ. ನಮ್ಮಿಂದ ತೆಗೆದುಕೊಳ್ಳಿ. ಪಾಪ ಅಂತ ತೆಗೆದುಕೊಳ್ಳಬೇಡಿ. ತಟ್ಟೆ ಸೋರಿದರೆ ವಾಪಸ್ ಕೊಡಿ, ಬತ್ತಿ ವಾಲಿದರೆ ಬೈಯಿರಿ. ಚೆನ್ನಾಗಿದ್ದರೆ ಇನ್ನೊಂದು ಆರ್ಡರ್ ಕೊಡಿ.

ಕಳೆದ ಕಾರ್ತಿಕದಲ್ಲಿ ಹೂಬತ್ತಿ ಮಾರಿದ ದುಡ್ಡನ್ನು ಮಕ್ಕಳಿಗೆ ಹಂಚಿದರು. ನನ್ನ ಮಗನ ಪಾಲಿಗೆ 180 ರೂಪಾಯಿ ಬಂತು. ಕವರಿನಲ್ಲಿ ಹಾಕಿ ಅವನ ಜೇಬಿಗಿಟ್ಟು ಕಳಿಸಿದ್ದರು. ಅವನಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಅಂತ ನಾನು ತಿಳಿದಿದ್ದೆ. ಬಸ್ಸು ಇಳಿದು ಮನೆ ಕಡೆ ಹೊರಟರೆ ಅವನು ಬರಲೇ ಇಲ್ಲ. ಕೈ ಹಿಡಿದು ಎದುರು ದಿಕ್ಕಿಗೆ ಎಳೆದ. ಜೇಬು ತಟ್ಟಿ ತೋರಿಸಿ, ಇಡ್ಲಿ ಅಂದ. ಹೋದೆವು. ಎರಡು ತಟ್ಟೆ ಹೇಳಿದೆ. ಅವನು ನನ್ನ ತಟ್ಟೆಯನ್ನು ನನ್ನ ಮುಂದೆ ತಳ್ಳಿ, ನಾನು ತಿನ್ನುವವರೆಗೂ ತನ್ನದನ್ನು ಮುಟ್ಟಲಿಲ್ಲ. 17 ವರ್ಷದಲ್ಲಿ ನನ್ನ ಮಗ ನನಗೆ ಕೊಡಿಸಿದ ಮೊದಲ ಊಟ ಅದು.

ನನಗೆ ಈಗ 46. ಬೆನ್ನು ಮೊದಲಿನ ಹಾಗಿಲ್ಲ, ಮೆಷಿನ್ ತುಳಿದರೆ ಸಂಜೆಗೆ ಕಾಲು ಊದುತ್ತದೆ. ರಾತ್ರಿ ಎಚ್ಚರವಾದರೆ ನನ್ನ ನಂತರ ಇವನು ಎಂಬ ಒಂದೇ ಯೋಚನೆ. ನನ್ನಂಥ ಎಲ್ಲ ತಾಯಂದಿರಿಗೂ ಅದೇ. ಆ ದೊಡ್ಡ ಪ್ರಶ್ನೆಗೆ ಇವತ್ತೇ ಉತ್ತರ ಕೊಡಿ ಅಂತ ನಾನು ಕೇಳುವುದಿಲ್ಲ. ಜನವರಿ ನಂತರದ ಸೋಮವಾರ ಬೆಳಿಗ್ಗೆ ಅವನು ಅಂಗಿ ಗುಂಡಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಬಸ್ಸು ಅನ್ನುತ್ತಾನೆ. ಆ ಬಸ್ಸು ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಉತ್ತರ ಕೊಡಿ.

ಅಷ್ಟರೊಳಗೆ ಒಂದು ಸಲ ನಮ್ಮ ಶಾಲೆಗೆ ಬನ್ನಿ. ಯಾವ ಕಾರ್ಯಕ್ರಮವೂ ಬೇಡ, ಹಾರ ತುರಾಯಿ ಬೇಡ. ಬೆಳಿಗ್ಗೆ 11ಕ್ಕೆ ಬಂದರೆ ಹೂಬತ್ತಿ ಹೊಸೆಯುವ ಹೊತ್ತು. ಚಾಪೆ ಮೇಲೆ ಜಾಗ ಇರುತ್ತದೆ, ನೀವೂ ಒಂದು ಚಿಟಿಕೆ ಅರಳೆ ತೆಗೆದುಕೊಂಡು ಕೂತು ನೋಡಿ. ಚಪ್ಪಲಿ ಹೊರಗೆ ಬಿಟ್ಟರೆ ಸಾಕು, ನನ್ನ ಮಗ ಜೋಡಿಸಿಡುತ್ತಾನೆ.

ಇಂತಿ,
ಒಬ್ಬ ವಿಶೇಷ ಮಗನ ತಾಯಿ
ತುಮಕೂರು